ಮಗ್ಗ ನಿಂತಾಗ ಕೇಳಿದ್ದು

ಐಶ್ವರ್ಯಾ, ಸಮರ್ಥಾ, ಪುಸ್ತಕ ಓದುವಾಗ ನನ್ನ ತುಟಿ ಅಲ್ಲಾಡುತ್ತವೆ ಎಂದು ನೀವಿಬ್ಬರೂ ಬಾಗಿಲ ಮರೆಯಲ್ಲಿ ನಿಂತು ನಗುವುದು ನನಗೆ ಗೊತ್ತಿದೆ. ಸಮರ್ಥ ಒಮ್ಮೆ ಊಟದ ತಾಟಿನ ಮುಂದೆ ನನ್ನ ಹಾಗೆಯೇ ತುಟಿ ಕುಣಿಸಿ ಎಲ್ಲರನ್ನೂ ನಗಿಸಿದ. ನಾನೂ ನಕ್ಕೆ. ಶನಿವಾರ ಬಂತೆಂದರೆ ಅಜ್ಜಿಗೆ ಹೊಸ ಕಾದಂಬರಿ ಕೈಯಲ್ಲಿರಲೇಬೇಕು, ಶುಕ್ರವಾರ ಸಂಜೆಯೊಳಗೆ ಅದು ಮುಗಿಯಲೇಬೇಕು, ಮುಗಿಯದಿದ್ದರೆ ಅವಳಿಗೆ ಅನ್ನ ಸೇರುವುದಿಲ್ಲ, ಇದು ಯಾಕೆ ಎಂದು ಐಶ್ವರ್ಯಾ ಕೇಳಿದ್ದಳು. ಎದುರಿಗೆ ಕುಳಿತು ಹೇಳಲು ಹೋದರೆ ನನ್ನ ಮಾತು ಗಂಟಲಲ್ಲೇ ನಿಲ್ಲುತ್ತದೆ. ನಿಮ್ಮ ಅಜ್ಜ ಇದ್ದಾಗಲೂ ಹಾಗೆಯೇ ಇತ್ತು. ಅದಕ್ಕೇ ಬರೆಯುತ್ತಿದ್ದೇನೆ. ಹಳ್ಳಿಯ ಶಾಲೆಯಲ್ಲಿ ಏಳನೆಯ ತರಗತಿವರೆಗೆ ಕಲಿತವಳ ಬರವಣಿಗೆ, ತಪ್ಪಿದ್ದರೆ ತಿದ್ದಿಕೊಳ್ಳಿ.

ನಾನು ಹುಟ್ಟಿದ ಮನೆ ಬನಹಟ್ಟಿಗೆ ಹತ್ತಿದ ಹಳ್ಳಿಯಲ್ಲಿತ್ತು. ಈಗ ಊರು ಬೆಳೆದು ಎರಡೂ ಒಂದೇ ಆಗಿವೆ. ಉದ್ದನೆಯ ಮನೆ. ಮುಂದೆ ಪಡಸಾಲೆ, ಅದರ ಹಿಂದೆ ಮಗ್ಗದ ಮನೆ, ಅದಕ್ಕೆ ಅಂಟಿಕೊಂಡು ಕಂಡಿಕೆ, ಅಂದರೆ ಲಾಳಿಯೊಳಗೆ ಇಡುವ ನೂಲಿನ ಕೊಳವೆ, ಸುತ್ತುವ ಕೋಣೆ, ಆಮೇಲೆ ಅಡುಗೆಮನೆ, ಕೊನೆಗೆ ಹಿತ್ತಲು. ನಾನು ಚಿಕ್ಕವಳಿದ್ದಾಗ ಅಪ್ಪ ಹಳೆಯ ಕೈಮಗ್ಗಗಳನ್ನು ತೆಗೆಸಿ, ಅವುಗಳ ಕುಣಿಗಳಿಗೆ ಮಣ್ಣು ತುಂಬಿ, ನಾಲ್ಕು ಕರೆಂಟಿನ ಮಗ್ಗಗಳನ್ನು ಕೂರಿಸಿದ. ಕುಣಿ ಮುಚ್ಚಿದ ಜಾಗದಲ್ಲಿ ಕಾಲಿಟ್ಟರೆ ನೆಲ ಆಮೇಲೂ ಬಹಳ ವರ್ಷ ಮೆತ್ತಗೆ ಒಳಗೆ ಹೋದಂತಾಗುತ್ತಿತ್ತು. ನೂಲಿನ ಧೂಳು ನಮ್ಮ ಹುಬ್ಬಿನ ಮೇಲೆ, ದೇವರ ಜಗಲಿಯ ಮೇಲೆ, ಪುಂಡಿಪಲ್ಯದ ಮೇಲೆ ಒಂದೇ ಸಮನಾಗಿ ಕೂಡುತ್ತಿತ್ತು. ಅವ್ವ ರೊಟ್ಟಿಯನ್ನು ಬುಟ್ಟಿಗೆ ಹಾಕುವ ಮೊದಲು ಒಮ್ಮೆ ಊದುತ್ತಿದ್ದಳು, ತಿನ್ನುವ ಮೊದಲು ನಾವು ಒಮ್ಮೆ ಊದುತ್ತಿದ್ದೆವು. ಆದರೆ ಆ ಮನೆಯಲ್ಲಿ ಎಲ್ಲಕ್ಕಿಂತ ದೊಡ್ಡದು ಸಪ್ಪಳ. ಮಗ್ಗಗಳು ಬೆಳಿಗ್ಗೆ ಶುರುವಾದರೆ ಪಕ್ಕದಲ್ಲಿ ನಿಂತವರ ಮಾತೂ ಕೇಳಿಸುತ್ತಿರಲಿಲ್ಲ. ಹಾಗೆಂದು ಯಾರೂ ಮಾತು ಬಿಟ್ಟಿರಲಿಲ್ಲ. ನೇಕಾರರ ಮನೆಯಲ್ಲಿ ಮಾತನ್ನು ಕೇಳುವುದಿಲ್ಲ, ನೋಡುತ್ತಾರೆ. ತುಟಿ ನೋಡಿ ಊಟಕ್ಕೆ ಕರೆದದ್ದು, ನೂಲು ಕಡಿದದ್ದು, ಬೈದದ್ದು ಎಲ್ಲ ನಮಗೆ ತಿಳಿಯುತ್ತಿತ್ತು. ಸಪ್ಪಳ ನಿಂತಾಗಲೂ ಆಯಿ, ಅಂದರೆ ಅಪ್ಪನ ತಾಯಿ, ನಮ್ಮ ಬಾಯಿಯನ್ನೇ ನೋಡುತ್ತ ಮಾತು ಕೇಳಿಸಿಕೊಳ್ಳುತ್ತಿದ್ದಳು.

ಏಳನೆಯ ತರಗತಿ ಮುಗಿದ ವರ್ಷವೇ ನಾನು ದೊಡ್ಡವಳಾದೆ. ಹೈಸ್ಕೂಲಿಗೆ ಬನಹಟ್ಟಿ ಪೇಟೆ ದಾಟಿ ನಡೆದು ಹೋಗಬೇಕಿತ್ತು. ಅಪ್ಪ ಬೈಯಲಿಲ್ಲ, ಜಗಳವಾಡಲಿಲ್ಲ. ಒಂದು ದಿನ ಬೆಳಿಗ್ಗೆ ನನ್ನ ಪಾಟಿಚೀಲವನ್ನು ಗೂಟದಿಂದ ತೆಗೆದು ಅದರಲ್ಲಿ ನೂಲಿನ ಲಡಿ ತುಂಬಿದ, ಅಷ್ಟೆ. ಅಂದಿನಿಂದ ನನ್ನ ಜಾಗ ಕಂಡಿಕೆಯ ಕೋಣೆ. ಆ ಕೋಣೆಗೆ ಕಿಟಕಿ ಇರಲಿಲ್ಲ. ಮಾಳಿಗೆಯಲ್ಲಿ ಒಂದು ಬೆಳಕಿಂಡಿ ಇತ್ತು. ಅದರಿಂದ ರೊಟ್ಟಿಯಷ್ಟು ಅಗಲದ ಬಿಸಿಲು ನೆಲಕ್ಕೆ ಬಿದ್ದು, ಹೊತ್ತೇರಿದಂತೆ ಗೋಡೆಯ ಕಡೆಗೆ ಸರಿಯುತ್ತಿತ್ತು. ನನಗೆ ಆಕಾಶವೆಂದರೆ ಅದೇ. ಸುತ್ತುವ ಮಶೀನಿನ ಆ ಬದಿಗೆ ನೀಲವ್ವತ್ತಿ, ಈ ಬದಿಗೆ ನಾನು. ನೀಲವ್ವತ್ತಿ ಅಪ್ಪನ ತಂಗಿ. ಲೋಕಾಪುರದ ಕಡೆಯ ಒಕ್ಕಲುತನದ ಮನೆಗೆ ಕೊಟ್ಟಿದ್ದರು. ಚೊಚ್ಚಲ ಕೂಸು ಹುಟ್ಟುತ್ತಲೇ ತೀರಿಕೊಂಡಿತು. ಬಾಣಂತನಕ್ಕೆಂದು ತವರಿಗೆ ಬಂದವಳು ತಿರುಗಿ ಹೋಗಲಿಲ್ಲ. ಯಾಕೆ ಎಂದರೆ ಬಾಯಿ ಬಿಡುತ್ತಿರಲಿಲ್ಲ. ಹಟಮಾರಿ ಎಂದು ಅಪ್ಪ, ಕೂಸಿನ ದುಃಖ ಎಂದು ಆಯಿ, ಯಾರ ದೃಷ್ಟಿಯೋ ಎಂದು ಅವ್ವ. ಮೂವರೂ ಮೂರು ಹೇಳಿ ಸುಮ್ಮನಾಗಿದ್ದರು.

ನಮ್ಮ ಹಿತ್ತಲಿನ ಗೋಡೆಯಾಚೆ ನನ್ನ ಗೆಳತಿ ಶಕ್ಕೂನ ಮನೆ. ಅವಳನ್ನು ಹೈಸ್ಕೂಲಿಗೆ ಬಿಟ್ಟಿದ್ದರು. ಶನಿವಾರ ಅರ್ಧ ದಿನದ ಶಾಲೆ. ಅಲ್ಲಿಯ ಗ್ರಂಥಾಲಯದಿಂದ ಒಂದು ಕಾದಂಬರಿ ತಂದು, ಮೊರದ ಕೆಳಗೆ ಹಿಡಿದು, ಗೋಡೆಯ ಮೇಲಿಂದ ನನ್ನ ಕೈಗೆ ಕೊಡುತ್ತಿದ್ದಳು. ಮುಂದಿನ ಶನಿವಾರ ಅದೇ ಮೊರದ ಕೆಳಗೆ ಹಳೆಯದು ಹೋಗಿ ಹೊಸದು ಬರುತ್ತಿತ್ತು. ಹೀಗೆ ಒಂದೇ ಮೊರ ವಾರಕ್ಕೊಮ್ಮೆ ಗೋಡೆ ದಾಟುತ್ತಿದ್ದುದನ್ನು ಕಂಡು ಅವ್ವನಿಗೆ ಸಿಟ್ಟು.

"ಅವರ ಮನ್ಯಾಗ ಮರಾ ಇಲ್ಲೇನ ಬೇ? ಅಷ್ಟ ದೊಡ್ಡ ಮನಿ ಕಟ್ಟ್ಯಾರ, ಒಂದ ಮರಾ ತಗೊಳ್ಳಾಕ ಆಗೂದಿಲ್ಲಾ?"

ಪುಸ್ತಕವನ್ನು ಕಂಡಿಕೆಯ ಬುಟ್ಟಿಯ ತಳಕ್ಕೆ ಇಡುತ್ತಿದ್ದೆ. ಬಿಸಿಲು ನನ್ನ ಮಗ್ಗುಲಿಗೆ ಬಂದಾಗ ಬುಟ್ಟಿಯನ್ನೂ ಅದರ ಜೊತೆ ಸರಿಸಿಕೊಂಡು ಓದುತ್ತಿದ್ದೆ. ನಮ್ಮ ಹಳ್ಳಿಯ ಮಾಸ್ತರರು ಓದು ಎಂದರೆ ಗಂಟಲು ಬಿಟ್ಟು ಓದುವುದು ಎಂದೇ ಕಲಿಸಿದ್ದರು. ಮನಸ್ಸಿನಲ್ಲೇ ಓದಿದರೆ ಕದ್ದು ಓದಿದಂತೆ ಎನ್ನುತ್ತಿದ್ದರು. ನಾನು ನಾಲ್ಕು ಜನರ ಮುಂದೆ ನನ್ನ ಹೆಸರು ಹೇಳಲಿಕ್ಕೂ ತಡವರಿಸುತ್ತಿದ್ದವಳು. ಮಗ್ಗಗಳ ಆ ಸಪ್ಪಳದಲ್ಲಿ ಮಾತ್ರ ನನಗೆ ಬೇರೆ ಗಂಟಲು ಬರುತ್ತಿತ್ತು. ಎಷ್ಟು ಕೂಗಿದರೂ ಯಾರಿಗೂ ಕೇಳುವುದಿಲ್ಲ ಎಂಬ ಧೈರ್ಯದಿಂದ ಕೂಗಿ ಕೂಗಿ ಓದುತ್ತಿದ್ದೆ. ನೀಲವ್ವತ್ತಿಗೆ ಅಕ್ಷರ ಬರುತ್ತಿರಲಿಲ್ಲ. ಅವಳು ಕೈಯಲ್ಲಿ ನೂಲು ಹಿಡಿದು ನನ್ನ ತುಟಿ ನೋಡುತ್ತಿದ್ದಳು. ನಾನು ಪುಸ್ತಕ ಓದುತ್ತಿದ್ದೆ, ಅವಳು ನನ್ನನ್ನು ಓದುತ್ತಿದ್ದಳು. ನಾನು ತಲೆ ಬಗ್ಗಿಸಿದರೆ ಖಾಲಿ ಕಂಡಿಕೆ ಎಸೆದು ಎಚ್ಚರಿಸುತ್ತಿದ್ದಳು, ಮುಖ ಮೇಲೆತ್ತು ಎಂದು.

ಆ ಕಾದಂಬರಿಗಳಲ್ಲಿಯ ಹೆಂಗಸರು ಯಾವಾಗ ನೋಡಿದರೂ ಕಿಟಕಿಯಾಚೆ ನೋಡುತ್ತಿರುತ್ತಿದ್ದರು. ದುಃಖವಾದರೆ ಕಿಟಕಿ, ಸಂತೋಷವಾದರೆ ಕಿಟಕಿ, ಕಾಗದ ಬಂದರೆ ಕಿಟಕಿ. ಚಹಾ ತನ್ನಷ್ಟಕ್ಕೆ ತಾನೇ ಆಗಿ ಕಪ್ಪಿನಲ್ಲಿ ಬಂದಿರುತ್ತಿತ್ತು. ಯಾರೂ ರೊಟ್ಟಿ ಬಡಿಯುತ್ತಿರಲಿಲ್ಲ, ಯಾರೂ ಸಗಣಿ ಬಳಿಯುತ್ತಿರಲಿಲ್ಲ. ನೀಲವ್ವತ್ತಿಗೆ ಅದೇ ಚಿಂತೆ. ಸಪ್ಪಳದ ನಡುವೆ ತುಟಿಯಲ್ಲೇ ಕೇಳುತ್ತಿದ್ದಳು.

"ಆಕಿ ಸದಾ ಕಿಟಕ್ಯಾಗ ನಿಂತಿರತಾಳಲ್ಲ, ನೀರ ತರಾಕ ಯಾವಾಗ ಹೋಗತಾಳು?"

"ಅವರ ಮನ್ಯಾಗ ನಳಾ ಐತಿ ಅತ್ತಿ."

"ನಳಾ ಇದ್ದಿದ್ರ ನಾನೂ ಕಿಟಕ್ಯಾಗ ನಿಂದರತಿದ್ನಿ."

"ನಮ್ಮಲ್ಲಿ ಕಿಟಕೀನ ಇಲ್ಲಲ್ಲ."

ಅವಳು ತಲೆ ಹಿಂದಕ್ಕೆ ಚೆಲ್ಲಿ ನಕ್ಕಳು. ಆ ನಗೆಯ ಸಪ್ಪಳ ಹೇಗಿತ್ತೋ ಅಂದು ನನಗೆ ತಿಳಿಯಲಿಲ್ಲ, ಕಂಡದ್ದು ಮಾತ್ರ ನೆನಪಿದೆ. ತಮಾಷೆ ಮಾಡಿದರೂ ಆ ಕಿಟಕಿಗಳಿಗಾಗಿಯೇ ನಾನು ಓದುತ್ತಿದ್ದೆ ಎಂದು ಈಗ ಅನಿಸುತ್ತದೆ. ಅಮಾವಾಸ್ಯೆಗೆ ನಮ್ಮಲ್ಲಿ ಮಗ್ಗ ನಿಲ್ಲಿಸಿ ಪೂಜೆ ಮಾಡುತ್ತಾರೆ, ಊರಿಗೆಲ್ಲ ಅದು ಬಿಡುವಿನ ದಿನ. ನನಗೆ ಮಾತ್ರ ಉಸಿರು ಕಟ್ಟುವ ದಿನ. ಮನೆ ಸುಮ್ಮನಾದರೆ ಹಾಳೆ ತಿರುವಿದ ಸಪ್ಪಳವೂ ಅಡುಗೆಮನೆಗೆ ಕೇಳುತ್ತಿತ್ತು.

ಒಂದು ಶನಿವಾರ ಬಂದ ಪುಸ್ತಕಕ್ಕೆ ರಟ್ಟಿರಲಿಲ್ಲ, ಮೊದಲಿನ ಕೆಲವು ಹಾಳೆಗಳೂ ಇರಲಿಲ್ಲ. ಅದರ ಹೆಸರೇನು, ಬರೆದವರು ಯಾರು, ತಿಳಿಯಲಿಲ್ಲ. ಕತೆಯ ನಾಯಕಿ ವಸುಧಾ. ಅವಳ ಗಂಡ ದೊಡ್ಡ ಪಟ್ಟಣದಲ್ಲಿ ಸಾಹೇಬ. ಪ್ಯಾಂಟು, ಕೋಟು, ಕಾರು. ಬಹಳ ಪ್ರೀತಿಯ ಮದುವೆ. ಆಮೇಲೆ ಗಂಡ ಬದಲಾಗುತ್ತಾನೆ, ಮಾತು ಬಿಡುತ್ತಾನೆ, ಒಂದು ದಿನ ವಸುಧಾ ಅಣ್ಣನ ಮನೆಗೆ ಬಂದುಬಿಡುತ್ತಾಳೆ. ಗಂಡ ಕರೆಯಲು ಬರುತ್ತೇನೆಂದು ಕಾಗದ ಬರೆಯುತ್ತಾನೆ. ಇಲ್ಲಿಯವರೆಗೆ ಬಂದಾಗ ನೀಲವ್ವತ್ತಿಯ ಕೈ ನಿಧಾನವಾಗಿತ್ತು. ಬೇರೆ ಕಾದಂಬರಿಗಳಲ್ಲಿ ಕೇಳುತ್ತಿದ್ದಂತೆ ನೀರು, ರೊಟ್ಟಿ ಏನೂ ಕೇಳಲಿಲ್ಲ. ಆಕೆ ತಿರುಗಿ ಹೋಗತಾಳೋ ಇಲ್ಲೋ ಎಂಬುದಷ್ಟೇ ಕೇಳುತ್ತಿದ್ದಳು. ಕಡೆಯ ಹಾಳೆ ಮೊದಲೇ ಓದಿ ಹೇಳು ಎಂದಳು. ಹಾಗೆ ಮಾಡಬಾರದು ಎಂದು ನಾನು ದೊಡ್ಡ ಓದುಗಾರ್ತಿಯ ಗತ್ತಿನಲ್ಲಿ ಹೇಳಿದೆ.

ಅದರ ಮರುದಿನವೇ ಅದು ನಡೆಯಿತು. ವಸುಧಾ ಅಣ್ಣನ ಮನೆಯಲ್ಲಿ ಕುಳಿತು ಮದುವೆಯಾದ ಹೊಸದರ ದಿನಗಳನ್ನು ನೆನೆಯುತ್ತಾಳೆ. ನಾಲ್ಕೂ ಮಗ್ಗ ಭರ್ತಿ ನಡೆದಿದ್ದವು. ಪಡಸಾಲೆಯಲ್ಲಿ ಆಯಿ ಮಠದ ಅಯ್ಯನವರನ್ನು ಕೂರಿಸಿ ಹಾಲು ಕೊಟ್ಟಿದ್ದಳು. ನಾನು ಗಂಟಲ ನರ ಉಬ್ಬಿಸಿ ಓದುತ್ತಿದ್ದೆ. ಆ ಕ್ಷಣಕ್ಕೇ ಕರೆಂಟು ಹೋಯಿತು. ಕರೆಂಟು ಹೋದರೆ ಮಗ್ಗ ಒಮ್ಮೆಲೆ ನಿಲ್ಲುತ್ತದೆ, ಕೂಗುತ್ತಿದ್ದ ಗಂಟಲು ನಿಲ್ಲುವುದಿಲ್ಲ. ಆ ತಣ್ಣನೆಯ ನಿಶ್ಶಬ್ದದಲ್ಲಿ ಇಡೀ ಮನೆಗೆ ನನ್ನ ಧ್ವನಿ ಕೇಳಿಸಿತು.

"ಒಂದು ಸಲ, ಒಂದೇ ಒಂದು ಸಲ ನನ್ನನ್ನು ಬಿಗಿಯಾಗಿ ಹಿಡಿದುಕೊಳ್ಳಿ!"

ಮಗ್ಗದ ಮನೆಯಲ್ಲಿ ಕೆಲಸಕ್ಕಿದ್ದ ಮುದುಕ ಸಿದರಾಮ ಕಾಕಾ ಲಾಳಿ ಕೈಯಲ್ಲಿ ಹಿಡಿದು ನಮ್ಮ ಬಾಗಿಲಿಗೆ ಬಂದ. ಅವನ ಹಿಂದೆಯೇ ಅಪ್ಪ ಧಾವಿಸಿ ಬರುತ್ತಿದ್ದ.

"ಏನ ಹಿಡ್ಕೊಳ್ಳಲಿ ತಂಗಿ? ಲಾಳಿ ಹಿಡ್ಕೊಳ್ಳಲೋ, ನಿಮ್ಮಪ್ಪನ್ನ ಹಿಡ್ಕೊಳ್ಳಲೋ?"

ಪಡಸಾಲೆಯಿಂದ ಅಯ್ಯನವರು ಹಾಲಿನ ಬಟ್ಟಲು ಕೆಳಗಿಟ್ಟು ಹೇಳಿದ್ದೂ ಕೇಳಿಸಿತು.

"ಹುಡಿಗಿ ಧ್ವನಿ ಛಲೋ ಐತಿ. ಶ್ರಾವಣದಾಗ ಪುರಾಣಾ ಓದಸ್ರಿ."

ಅಪ್ಪ ಬುಟ್ಟಿ ಮಗುಚಿದ. ಕಂಡಿಕೆಗಳೆಲ್ಲ ಉರುಳಿ ಹೋದವು, ಪುಸ್ತಕ ಮಾತ್ರ ಬಿದ್ದಲ್ಲೇ ಬಿದ್ದಿತ್ತು. ಯಾರು ಕೊಟ್ಟರು ಎಂದು ಕೇಳಿದ. ನೀಲವ್ವತ್ತಿ ಎದ್ದು ನಿಂತಳು.

"ನಾನ ಓದಸಾಕತ್ತಿದ್ನಿ ಅಣ್ಣಾ. ಬೈಯ್ಯೂದಿದ್ರ ನನಗ ಬೈ."

"ನೀ ಸುಮ್ನಿರ. ನಿನ್ನ ಸಂಬಂಧನ ನಾಕ ಮಂದಿ ಬಾಯಾಗ ಬಿದ್ದೇನಿ. ಇನ್ನ ಇದೂ ಹಿಂಗ ಕಲತ್ರ ಯಾರ ಬರತಾರ ನಮ್ಮ ಮನೀಗಿ ಹೆಣ್ಣ ಕೇಳಾಕ?"

ನೀಲವ್ವತ್ತಿ ಕುಳಿತು ಉರುಳಿದ ಕಂಡಿಕೆ ಆರಿಸತೊಡಗಿದಳು. ಪುಸ್ತಕ ಶಾಲೆಯದೆಂದು ಹಾಳೆಯ ಮೇಲಿನ ಶಿಕ್ಕೆಯಿಂದ, ಅಂದರೆ ಮುದ್ರೆಯಿಂದ, ತಿಳಿದು, ಅಪ್ಪ ಅದನ್ನು ಟವೆಲ್ಲಿನಲ್ಲಿ ಸುತ್ತಿ ಶಕ್ಕೂನ ಅಪ್ಪನ ಕೈಗೆ ಕೊಟ್ಟು ಬಂದ. ಅಲ್ಲಿ ಏನು ಮಾತಾಯಿತೋ, ಶಕ್ಕೂ ಮತ್ತೆ ಗೋಡೆಯ ಹತ್ತಿರ ಬರಲಿಲ್ಲ. ಆ ಮೊರ ನಮ್ಮ ಮನೆಯಲ್ಲೇ ಉಳಿಯಿತು. ಶನಿವಾರಗಳಂದು ಅದು ಗೂಟಕ್ಕೆ ತೂಗುತ್ತಿದ್ದುದನ್ನು ನೋಡುತ್ತ ಕುಳಿತಿರುತ್ತಿದ್ದೆ. ಅಪ್ಪ ಕೆಟ್ಟವನಲ್ಲ. ಅಂದು ಸಂಜೆ ನನಗೆಂದು ಪೇಟೆಯಿಂದ ಭಜಿ ಕಟ್ಟಿಸಿಕೊಂಡು ಬಂದ. ಅದು ಬಾಯಲ್ಲಿ ಹಿಟ್ಟು ಹಿಟ್ಟಾಯಿತು. ಹೊರಗಿನ ಗಾಳಿ ಬರುತ್ತಿದ್ದ ಒಂದೇ ಒಂದು ಸಂದಿಯನ್ನು ಪ್ರೀತಿಯಿಂದಲೇ ಮುಚ್ಚಿದರೆ ಯಾರ ಮೇಲೆ ಸಿಟ್ಟಾಗಬೇಕು? ನಾನು ಬೆಳಕಿಂಡಿಯ ಬಿಸಿಲು ಗೋಡೆ ಹತ್ತುವುದನ್ನು ನೋಡುತ್ತಿದ್ದೆ. ಓದಲಿಕ್ಕೇನೂ ಇಲ್ಲದ ಬಿಸಿಲು ಎಷ್ಟು ಮೆಲ್ಲಗೆ ಸರಿಯುತ್ತದೆ ಎಂಬುದು ಆಗ ತಿಳಿಯಿತು.

ಹೀಗೆ ಕೆಲವು ದಿನ ಹೋದವು. ಒಂದು ಮಧ್ಯಾಹ್ನ ನೀಲವ್ವತ್ತಿ ಖಾಲಿ ಕಂಡಿಕೆ ಎಸೆದು ನನ್ನ ಮುಖ ಮೇಲೆತ್ತಿಸಿದಳು. ತುಟಿಯಲ್ಲಿ ಕೇಳಿದಳು.

"ಮುಂದ?"

"ಗೊತ್ತಿಲ್ಲತ್ತಿ. ಅಲ್ಲೀತನಾನ ಓದಿದ್ನಿ."

"ಹಂಗಾರ ನಾ ಹೇಳತೇನಿ, ನೋಡ."

ಅಂದಿನಿಂದ ನಾನು ಅವಳ ತುಟಿ ಓದಿದೆ. ಅವಳು ಒಂದಿಷ್ಟೂ ಧ್ವನಿ ಹೊರಡಿಸುತ್ತಿರಲಿಲ್ಲ. ಮಗ್ಗ ನಿಂತರೂ ನಮ್ಮ ಕತೆಗೆ ಅಪಾಯವಿರಲಿಲ್ಲ. ಮೊದಲು ಅವಳು ಹೇಳಿದ್ದು ಕಾದಂಬರಿಯ ಹಾಗೆಯೇ ಇತ್ತು, ಕಿಟಕಿಯೂ ಇತ್ತು. ನನ್ನನ್ನು ನಗಿಸಲು ವಸುಧಾಳಿಂದ ನೀರೂ ಹೊರಿಸಿದಳು. ಆಮೇಲೆ ಕತೆ ಅಣ್ಣನ ಮನೆಯಿಂದ ಹಿಂದೆ ಸರಿದು ಗಂಡನ ಮನೆಗೆ ಹೋಯಿತು.

"ವಸುಧಾನ ಗಂಡ ಸಂತಿಗಿ ಹೋಗೂಮುಂದ ಆಕಿನ್ನ ಕಾಳಿನ ಕೋಣ್ಯಾಗ ಹಾಕಿ, ಹೊರಗಿಂದ ಕೀಲಿ ಜಡೀತಿದ್ದ."

"ಯಾಕತ್ತಿ?"

"ಸಂಶೇ. ಬಾಂವಿ ಕಡೆ ಹೋದ್ರ ಸಂಶೇ, ಬಾಗಲದಾಗ ನಿಂತ್ರ ಸಂಶೇ. ಕೀಲಿಕೈ ಉಡದಾರಕ್ಕ ಕಟ್ಟಿಕೊಂಡ ಹೋಗತಿದ್ದ."

ನಾನು ಮಶೀನಿನ ಮೇಲೆ ಕೈ ಇಟ್ಟು ಹಾಗೇ ಕುಳಿತೆ. ವಸುಧಾಳ ಗಂಡ ಕೋಟು ಹಾಕುವ ಸಾಹೇಬ. ಅವನಿಗೆ ಸಂತೆ ಎಲ್ಲಿಯದು, ಕಾಳಿನ ಕೋಣೆ ಎಲ್ಲಿಯದು? ಕೀಲಿಕೈ ಕಟ್ಟಿಕೊಳ್ಳಲು ಉಡದಾರ ಎಲ್ಲಿಂದ ಬರಬೇಕು? ನಾನು ಅವಳ ಮುಖ ನೋಡಿದೆ. ನನಗೆ ತಿಳಿಯಿತೆಂದು ಅವಳಿಗೂ ತಿಳಿಯಿತು. ಆದರೂ ಅವಳು ಹೆಸರು ಬದಲಿಸಲಿಲ್ಲ. ನಾನೂ ಬದಲಿಸಲಿಲ್ಲ. ವಸುಧಾ ಎಂದೇ ಹೇಳುತ್ತ ಹೋದಳು. ದಿನ ತುಂಬಿದ ವಸುಧಾಳನ್ನು ಒಳಗೆ ಹಾಕಿ ಗಂಡ ಲೋಕಾಪುರದ ಸಂತೆಗೆ ಹೋದ. ಮಧ್ಯಾಹ್ನ ಹೆರಿಗೆಯ ಬ್ಯಾನೆ ಶುರುವಾದವು. ಬಾಗಿಲು ಬಡಿದಳು. ಹೊರಗೆ ಅತ್ತೆ ಇದ್ದಳು. ಕೀಲಿ ಮುರಿಯಿರಿ ಎಂದು ವಸುಧಾ ಕೂಗಿದಳು. ಮಗನನ್ನು ಕೇಳದೆ ಹೇಗೆ ಮುರಿಯಲಿ ಎಂದು ಅತ್ತೆ ಅತ್ತಳು. ಅಳುತ್ತಲೇ ಒಂದು ಅರಿವೆಯನ್ನು ನೀರಲ್ಲಿ ಅದ್ದಿ ಬಾಗಿಲ ಕೆಳಗಿನ ಸಂದಿಯಲ್ಲಿ ತೂರಿಸಿದಳು, ಸೊಸೆ ಬಾಯಿಗೆ ಹಿಂಡಿಕೊಳ್ಳಲಿ ಎಂದು. ಹೊತ್ತು ಮುಳುಗುವಾಗ ಗಂಡ ಬಂದು ಕೀಲಿ ತೆಗೆದ.

"ಕೂಸು?" ಎಂದೆ.

ನೀಲವ್ವತ್ತಿ ತಲೆ ಬಗ್ಗಿಸಿದಳು. ನೂಲು ಕಡಿದಿತ್ತು. ಗಂಟು ಹಾಕಿ, ಹಲ್ಲಿನಿಂದ ತುದಿ ಕತ್ತರಿಸಿ, ಮತ್ತೆ ಸುತ್ತತೊಡಗಿದಳು. ಗಂಡನ ಅನುಮಾನಕ್ಕೆ ಗುರಿಯಾದವಳು ಎನಿಸಿಕೊಳ್ಳುವ ನಾಚಿಕೆಗೆ ಅವಳು ಕೂಸಿನ ದುಃಖವನ್ನೂ ನುಂಗಿಕೊಂಡಿದ್ದಳು. ಕೀಲಿ ಹಾಕಿದ್ದರು ಎಂದರೆ, ಯಾಕೆ ಹಾಕಿದ್ದರು ಎಂದು ಕೇಳುತ್ತಾರಲ್ಲ.

ಅಮಾವಾಸ್ಯೆಗೆ ಅವಳ ಗಂಡನ ಮನೆಯವರು ಬಂದರು. ನೇಕಾರರ ಮನೆಯಲ್ಲಿ ಪಂಚಾಯಿತಿ ಮಾಡಬೇಕೆಂದರೆ ಅಮಾವಾಸ್ಯೆಗೇ ಬರಬೇಕು, ಬೇರೆ ದಿನ ಮಾತು ಕೇಳುವುದಿಲ್ಲ. ರುಮಾಲಿನ ಇಬ್ಬರು ಹಿರಿಯರು ಕಂಬಳಿಯ ಮೇಲೆ ಕುಳಿತರು. ಗಂಡ ಹೊಸ್ತಿಲ ಹತ್ತಿರ ಮೊಣಕಾಲು ಕಟ್ಟಿಕೊಂಡು ಕುಳಿತ. ಮಗ್ಗಗಳಿಗೆ ವಿಭೂತಿ ಬಡಿದು ಹೂವೇರಿಸಿದ್ದರು. ಮನೆಯಲ್ಲಿ ಊದಿನಕಡ್ಡಿಯ ವಾಸನೆ, ಹೋಳಿಗೆಯ ವಾಸನೆ. ಅಪ್ಪನ ಮನಸ್ಸು ಕಳಿಸುವ ಕಡೆಗೇ ಇತ್ತು.

"ಆದದ್ದ ಆತು," ಎಂದರು ಹಿರಿಯರು. "ಹರೇದ ಹೆಣ್ಮಗಳು, ತವರಾಗ ಎಷ್ಟ ದಿನಾ ಅಂತ ಕುಂದರತಾಳು?"

ಅಪ್ಪ ಅಡುಗೆಮನೆಯ ಬಾಗಿಲ ಕಡೆ ತಿರುಗಿದ. ಅಲ್ಲಿ ನೀಲವ್ವತ್ತಿ ಸೆರಗು ಹೊದ್ದು ನಿಂತಿದ್ದಳು, ಅವಳ ಎದುರು ಕಂಬದ ಹತ್ತಿರ ನಾನು.

"ಬಾಯಿ ಬಿಟ್ಟ ಹೇಳ ನೀಲಾ. ಹೋಗತೇನಿ ಅನ್ನು, ಇಲ್ಲಾ ಯಾಕ ಒಲ್ಲೆ ಅನ್ನೂದನ್ನರ ಹೇಳು."

ಆಗ ಅವಳು ನನ್ನ ಕಡೆ ನೋಡಿದಳು. ತುಟಿ ಮಾತ್ರ ಅಲ್ಲಾಡಿದವು: ವಸುಧಾನ ಕತಿ ಹೇಳ. ಅಷ್ಟು ಜನರಲ್ಲಿ ಅದನ್ನು ಓದಿದವಳು ನಾನೊಬ್ಬಳೇ. ಮಗ್ಗ ಒಮ್ಮೆ ಶುರುವಾಗಬಾರದೇ ಅನಿಸಿತು. ಕಂಬವನ್ನು ಹಿಡಿದುಕೊಂಡು ಶುರುಮಾಡಿದೆ.

"ವಸುಧಾ ಅಂತ ಒಬ್ಬಾಕಿ ಇದ್ದಳು..."

"ಗಟ್ಟ್ಯಾಗಿ ಹೇಳ ಬೇ," ಎಂದಳು ಆಯಿ, ನನ್ನ ಬಾಯಿಯನ್ನೇ ನೋಡುತ್ತ.

ಆಗ ನನ್ನ ಓದುವ ಗಂಟಲು ಬಂತು. ಎಲ್ಲಿಂದ ಬಂತೋ ತಿಳಿಯದು. ಹಾಳೆ ಮುಂದಿದ್ದಂತೆ ಹೇಳುತ್ತ ಹೋದೆ. ಹಿರಿಯರಲ್ಲಿ ಒಬ್ಬರು ಇದೇನು ಹುಡುಗಿ ಕತೆ ಹೇಳಾಕತ್ತೇತಿ ಎಂದು ನಕ್ಕರು. ಗಂಡ ಸಂತೆಗೆ ಹೊರಟ ಎಂದೆ. ಕಾಳಿನ ಕೋಣೆಗೆ ಕೀಲಿ ಹಾಕಿದ ಎಂದೆ. ಕೀಲಿಕೈ ಉಡದಾರಕ್ಕೆ ಕಟ್ಟಿಕೊಂಡ ಎಂದಾಗ ಹೊಸ್ತಿಲ ಹತ್ತಿರ ಕುಳಿತವನ ಕೈ ತಾನೇ ತಾನಾಗಿ ನಡುವಿಗೆ ಹೋಯಿತು. ಅಪ್ಪ ಅದನ್ನು ನೋಡಿದ. ಹಿರಿಯರೂ ನೋಡಿದರು. ಆಮೇಲೆ ಯಾರೂ ನಗಲಿಲ್ಲ. ಒದ್ದೆ ಅರಿವೆಯ ಮಾತು ಬಂದಾಗ ಅವ್ವ ಅಡುಗೆಮನೆಯಲ್ಲಿ ಏನನ್ನೋ ಕೆಳಗೆ ಬೀಳಿಸಿದಳು.

"ಎಲ್ಲಾ ಸುಳ್ಳ!" ಎಂದು ಗಂಡ ಎದ್ದು ನಿಂತ.

"ಸುಳ್ಳಂದ್ರ ಸುಳ್ಳ," ಎಂದಳು ಆಯಿ. "ಪುಸ್ತಕದಾಗಿನ ಕತಿ ಅದು. ಕತಿಗಿ ನೀ ಯಾಕ ಸಿಟ್ಟಿಗೇಳತಿ ತಮ್ಮಾ? ಕುಂದರ." ಆಮೇಲೆ ನನ್ನ ಕಡೆ ತಿರುಗಿದಳು. "ಮುಂದ? ಆಕಿ ತಿರುಗಿ ಹೋದ್ಲೋ ಇಲ್ಲೋ?"

"ಗೊತ್ತಿಲ್ಲ ಆಯಿ. ಅಪ್ಪ ಪುಸ್ತಕ ಕೊಟ್ಟ ಬಂದಾನ."

ಅಪ್ಪ ನೆಲ ನೋಡಿದ. ಆಗ ಅಡುಗೆಮನೆಯ ಬಾಗಿಲಿನಿಂದ, ಸೆರಗಿನ ಒಳಗಿನಿಂದ, ನೀಲವ್ವತ್ತಿಯ ಧ್ವನಿ ಬಂತು. ಒರಟು ಧ್ವನಿ. ಪುಸ್ತಕ ಹೋದ ದಿನದಿಂದ ನಾನು ಅದನ್ನು ಸರಿಯಾಗಿ ಕೇಳಿರಲಿಲ್ಲ.

"ಹೋಗಲಿಲ್ಲ."

ಅವಳು ಹೋಗಲಿಲ್ಲ. ಅವರು ಹೋಳಿಗೆ ಮುಟ್ಟದೆ ಎದ್ದು ಹೋದರು. ಅಪ್ಪ ಆಮೇಲೆ ತಂಗಿಗೆ ಒಂದು ಮಾತೂ ಅನ್ನಲಿಲ್ಲ. ಇದನ್ನು ಬರೆದು ಇಲ್ಲಿಗೇ ನಿಲ್ಲಿಸಿದರೆ ಕಾದಂಬರಿಯಂತೆ ಚೆಂದ ಕಾಣುತ್ತದೆ, ಆದರೆ ಮರುದಿನ ಬೆಳಿಗ್ಗೆ ಮಗ್ಗ ಶುರುವಾದವು, ನಾವಿಬ್ಬರೂ ಅದೇ ಕೋಣೆಯಲ್ಲಿ ಅದೇ ಜಾಗಕ್ಕೆ ಕುಳಿತೆವು. ಕೀಲಿ ಇಲ್ಲದ ಬಾಗಿಲು ಅದು, ಆದರೂ ನೀಲವ್ವತ್ತಿ ಹಿತ್ತಲು ದಾಟಿ ಹೋದದ್ದನ್ನು ನಾನು ನೋಡಲಿಲ್ಲ. ಮಂದಿ ಏನೆಂದಾರೆಂಬ ಕೀಲಿ ಅವಳಿಗೂ ಇತ್ತು, ನನಗೂ ಇತ್ತು. ಪುಸ್ತಕ ಮತ್ತೆ ಬಂದಾವೆಂದು ನಾನು ಆಸೆ ಪಟ್ಟಿದ್ದೆ. ಅಷ್ಟರಲ್ಲಿ ಶಕ್ಕೂಗೆ ಗಂಡು ಗೊತ್ತಾಗಿ ಅವಳನ್ನೂ ಶಾಲೆ ಬಿಡಿಸಿದ್ದರು. ಮುಂದೆ ನನ್ನ ಮದುವೆಯಾಯಿತು, ಮುಧೋಳದ ಅರಿವೆಯ ಅಂಗಡಿಯವರ ಮನೆಗೆ ಬಂದೆ. ಅಲ್ಲಿ ಕಿಟಕಿ ಇತ್ತು. ಕಿಟಕಿಯಾಚೆ ಪಕ್ಕದ ಮನೆಯ ಗೋಡೆ ಇತ್ತು.

ನಿಮ್ಮಪ್ಪ ಶಾಲೆಗೆ ಹೋಗಲು ಶುರುಮಾಡಿದ ಮೇಲೆ ನಿಮ್ಮ ಅಜ್ಜನಿಗೆ ಹೇಳಿ ಗ್ರಂಥಾಲಯದ ಚೀಟಿ ಮಾಡಿಸಿಕೊಂಡೆ. ಬಾಯಿಬಿಟ್ಟು ಅವರಲ್ಲಿ ಕೇಳಿಕೊಂಡದ್ದು ಅದೊಂದೇ. ಶನಿವಾರಕ್ಕೊಂದು ಪುಸ್ತಕ. "ಏನ ಹುಡುಕತಿ ಅದರಾಗ?" ಎಂದು ಅವರು ನಗುತ್ತಿದ್ದರು. ನಾನು ವಸುಧಾಳನ್ನು ಹುಡುಕುತ್ತಿದ್ದೆ. ಹೆಸರು ತಿಳಿಯದ ಪುಸ್ತಕ, ಸಿಕ್ಕ ಸಿಕ್ಕ ಕಾದಂಬರಿ ತಂದು ಓದುವುದೊಂದೇ ದಾರಿ. ಹಾಗೆ ಹುಡುಕುತ್ತಲೇ ನೂರಾರು ಮನೆಗಳ ಒಳಗೆ ಹೋಗಿ ಬಂದೆ. ಕೆಲವು ಕಾದಂಬರಿಗಳಲ್ಲಿ ಹೆಣ್ಣುಮಕ್ಕಳು ಹೊರಗೆ ಹೋಗುತ್ತಾರೆ, ರೈಲು ಹತ್ತುತ್ತಾರೆ, ಆಮೇಲೆ ಬರೆದವರಿಗೆ ಅವರನ್ನು ಏನು ಮಾಡಬೇಕೋ ತಿಳಿಯುವುದಿಲ್ಲ, ಜ್ವರ ಬರಿಸಿ ಸಾಯಿಸುತ್ತಾರೆ. ಕೆಲವರು ಒಳಗೇ ಇದ್ದು ಒಂದು ಒಲೆ, ಒಂದು ಜಗಳ, ಒಂದು ಮಧ್ಯಾಹ್ನವನ್ನೇ ಎಷ್ಟು ಚೆನ್ನಾಗಿ ಬರೆಯುತ್ತಾರೆಂದರೆ ಓದಿ ಮುಗಿಸಿದ ಮೇಲೆ ನನ್ನ ಅಡುಗೆಮನೆ ತುಸು ಅಗಲವಾದಂತೆ ಕಾಣುತ್ತದೆ. ಅಂಥವು ಕಡಿಮೆ. ಆದರೂ ಯಾವ ಪುಸ್ತಕವನ್ನೂ ನಾನು ಅರ್ಧಕ್ಕೆ ಬಿಟ್ಟಿಲ್ಲ. ಅರ್ಧಕ್ಕೆ ನಿಂತ ಕತೆಯೊಂದರ ಜೊತೆ ಬೆಳೆದವಳು ನಾನು.

ಐಶ್ವರ್ಯಾ, ಹೋದ ವರ್ಷ ನೀನು ಜಮಖಂಡಿಯ ಕಾಲೇಜಿನ ಗ್ರಂಥಾಲಯದಿಂದ ನನಗೆಂದು ತಂದ ಪುಸ್ತಕಗಳಲ್ಲಿ ವಸುಧಾ ಇದ್ದಳು. ನೀನು ಚೀಲದಿಂದ ತೆಗೆದು ಟಿವಿಯ ಮೇಲಿಟ್ಟು ಊಟಕ್ಕೆ ಹೋದೆ. ಕೋಟಿನ ಸಾಹೇಬ, ಅಣ್ಣನ ಮನೆ, ಕಾಗದ, ಆ ಕೂಗಿದ ಸಾಲು, ಎಲ್ಲ ಇತ್ತು. ಅಂದು ನಾನು ಉಣ್ಣಲಿಲ್ಲ, ನಿನಗೆ ನೆನಪಿರಬಹುದು. ಕಡೆಯ ಅಧ್ಯಾಯದಲ್ಲಿ ಗಂಡ ಬರುತ್ತಾನೆ, ಅವನ ಕಣ್ಣಲ್ಲಿ ನೀರು. ವಸುಧಾ ಅವನ ಕಾಲಿಗೆ ಬಿದ್ದು, ಅಂದೇ ಹೊರಟು ಹೋಗುತ್ತಾಳೆ. ಎರಡು ಹಾಳೆಯಲ್ಲಿ ಎಲ್ಲ ಮುಗಿಯುತ್ತದೆ. ಅಂದು ನಾನು ಕಡೆಯ ಹಾಳೆ ಮೊದಲೇ ಓದಿ ನೀಲವ್ವತ್ತಿಗೆ ಹೇಳಿದ್ದರೆ ಏನಾಗುತ್ತಿತ್ತು ಎಂದು ಯೋಚಿಸುತ್ತ ಬಹಳ ಹೊತ್ತು ಕುಳಿತಿದ್ದೆ.

ಆಮೇಲೆ ಪುಸ್ತಕ ಹಿಡಿದು ಬನಹಟ್ಟಿಗೆ ಹೋದೆ. ನೀಲವ್ವತ್ತಿಗೆ ಈಗ ಕಿವಿ ಪೂರ್ತಿ ಹೋಗಿವೆ, ಮಗ್ಗದ ಸಪ್ಪಳ ತಿಂದುಬಿಟ್ಟಿದೆ. ಕಣ್ಣು ಚೆನ್ನಾಗಿವೆ. ಎದುರಿಗೆ ಕುಳಿತು ಧ್ವನಿ ಇಲ್ಲದೆ ತುಟಿಯಲ್ಲೇ ಓದಿದೆ. ಕಡೆಯ ಸಾಲಿನವರೆಗೆ ಕಣ್ಣು ಕದಲಿಸದೆ ನೋಡಿದಳು.

"ಎಷ್ಟ ಹಾಳ್ಯಾಗ ಕಳಿಸಿದಾ ಆಕಿನ್ನ?"

"ಎರಡ ಹಾಳ್ಯಾಗ ಅತ್ತಿ."

"ಎರಡ ಹಾಳ್ಯಾಗ!" ಎಂದು ಬೊಚ್ಚುಬಾಯಿ ಬಿಟ್ಟು ನಕ್ಕಳು. ಈ ಸಲ ಆ ನಗೆ ನನಗೆ ಕೇಳಿಸಿತು. "ಬರದಾಂವಗ ಸಂತಿಗಿ ಹೋಗೂ ಗಡಿಬಿಡಿ ಇತ್ತೇನ."

ನನ್ನ ಮೊಣಕಾಲಿನ ಮೇಲೆ ಕೈಯಿಟ್ಟು ಮತ್ತೊಂದು ಮಾತು ಹೇಳಿದಳು.

"ನಮ್ಮದ ಖರೆ ಇತ್ತು. ಅದನ್ನ ಬರದ ಇಡ."

ಅದಕ್ಕೇ ಇದನ್ನು ಬರೆದೆ ಮಕ್ಕಳೇ. ಆ ಕಾದಂಬರಿ ನಿಮಗೆ ಯಾವ ಗ್ರಂಥಾಲಯದಲ್ಲಾದರೂ ಸಿಕ್ಕೀತು. ವಸುಧಾ ತಿರುಗಿ ಹೋಗದ ಕತೆ ಸಿಗುವುದು ಈ ಹಾಳೆಗಳಲ್ಲಿ ಮಾತ್ರ. ಇವುಗಳನ್ನು ಜೋಪಾನ ಮಾಡಿ. ಓದುವಾಗ ತುಟಿ ಅಲ್ಲಾಡಿದರೆ ಅಲ್ಲಾಡಲಿ, ಎದುರಿಗೆ ಕುಳಿತವರಿಗೆ ಅಕ್ಷರ ಬರದಿರಬಹುದು. ಟ್ರಂಕಿನಲ್ಲಿ ಇಟ್ಟರೂ ಇಡಿ, ಕಪಾಟಿನಲ್ಲಿ ಇಟ್ಟರೂ ಇಡಿ. ಕೀಲಿ ಮಾತ್ರ ಹಾಕಬೇಡಿ.